ಅಣ್ಣನ ಬೆಕ್ಕಿಗೆ ನಾನು ಹಾಕಿದ ಹಾಲು

ಎಂಬತ್ತರ ದಶಕದಲ್ಲಿ ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ನಾನು, ಅಣ್ಣ ಇಬ್ಬರೇ ಇದ್ದೆವು. ಅವನು ಲೇತ್ ಕೆಲಸಕ್ಕೆ ಹೋಗುತ್ತಿದ್ದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಗಾರ್ಮೆಂಟ್ಸಿನಲ್ಲಿ ಕಾಜಾ ಹಾಕುತ್ತಿದ್ದೆ. ವರ್ಕ್‌ಶಾಪಿನ ಕಬ್ಬಿಣದ ಚೂರುಗಳ ನಡುವೆ ಸಿಕ್ಕಿದ ಬೆಕ್ಕಿನ ಮರಿಯೊಂದನ್ನು ಅಣ್ಣ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಸ್ನೇಹಿತರನ್ನು ಕರೆಯುವ ಹಾಗೆ ಅದನ್ನೂ ‘ಮಗಾ’ ಅಂತಲೇ ಕರೆಯುತ್ತಿದ್ದ.

ವರ್ಷ ತುಂಬುವಷ್ಟರಲ್ಲಿ ಅದು ದೊಡ್ಡ ಗಂಡುಬೆಕ್ಕಾಯಿತು. ಹಿಂದಿನ ಬೀದಿಯಲ್ಲಿ ಹೆಣ್ಣುಬೆಕ್ಕು ಬೆದೆಗೆ ಬಂದು ಕೂಗಿದರೆ ಸಾಕು, ಊಟ ಬಿಟ್ಟು ಹೊರಟುಬಿಡುತ್ತಿತ್ತು. ಹೆಂಚಿನ ಮೇಲೆ ಬೇರೆ ಗಂಡುಗಳ ಜೊತೆ ಕಾದಾಟ, ಎಳೆಮಗು ಅತ್ತ ಹಾಗೆ ಕೂಗಾಟ. ದಿನಗಟ್ಟಲೆ ಕಾಣದೆ, ಕಿವಿ ಹರಿದುಕೊಂಡು, ಪಕ್ಕೆಲುಬು ಎದ್ದು ವಾಪಸ್ ಬರುತ್ತಿತ್ತು. ಬಂದ ಮೇಲೆ ಬಾಲ ನಿಮಿರಿಸಿ ನಡುಗಿಸುತ್ತ ಬಾಗಿಲು, ಗೋಡೆಗೆಲ್ಲ ಉಚ್ಚೆ ಚಿಮ್ಮಿಸುವುದು. ಎಷ್ಟು ತೊಳೆದರೂ ನಾತ ಹೋಗದು. ಒಂದು ದಿನ ಓನರಮ್ಮ ಒಣಹಾಕಿದ್ದ ಹಪ್ಪಳದ ಮೇಲೇ ಚಿಮ್ಮಿಸಿತು.

“ಅದಿರಬೇಕು, ಇಲ್ಲ ನೀವಿರಬೇಕು. ಈ ವಾರದಲ್ಲಿ ತೀರ್ಮಾನ ಮಾಡ್ಕೊಳ್ಳಿ” ಅಂದರು.

ಗೋಣಿಚೀಲದಲ್ಲಿ ಹಾಕಿ ಹೆಗ್ಗನಹಳ್ಳಿ ಕಡೆ ಬಿಟ್ಟು ಬಾ ಅಂತ ವಠಾರದವರು ಹೇಳಿದರು. ಅಣ್ಣ ಒಪ್ಪಲಿಲ್ಲ. ರಾಜಾಜಿನಗರದಲ್ಲಿ ಮನೆಯಲ್ಲೇ ನೋಡುತ್ತಿದ್ದ ದನದ ಡಾಕ್ಟರೊಬ್ಬರನ್ನು ವಿಚಾರಿಸಿಕೊಂಡು ಬಂದ. ಬೀಜ ತೆಗೆದರೆ ಅಲೆಯುವುದು, ಚಿಮ್ಮಿಸುವುದು ನಿಧಾನಕ್ಕೆ ಕಡಿಮೆಯಾಗುತ್ತದೆ ಅಂದರಂತೆ.

ವರ್ಕ್‌ಶಾಪಿನಲ್ಲಿ ನಕ್ಕರಂತೆ. “ಏನ್ ಗುರು, ಬೆಕ್ಕಿಗೂ ಫ್ಯಾಮಿಲಿ ಪ್ಲಾನಿಂಗಾ? ಆಪರೇಶನ್ ಮಾಡಿಸ್ಕೊಂಡ ಗಂಡಸರಿಗೆ ಕೊಡ್ತಿದ್ರಲ್ಲ, ಹಂಗೆ ಇದಕ್ಕೂ ಟ್ರಾನ್ಸಿಸ್ಟರ್ ರೇಡಿಯೋ ಕೊಡ್ತಾರಾ?”

“ಕೊಡ್ತಾರೆ, ನೀನೂ ಬಾ. ಎರಡು ಸಿಗುತ್ತೆ” ಅಂದನಂತೆ ಅಣ್ಣ.

ಆಪರೇಶನ್ನಿನ ಹಿಂದಿನ ದಿನ ಅವನು ನನಗೆ ಹೇಳಿದ್ದು ಒಂದೇ ಮಾತು. “ರಾತ್ರಿಯಿಂದ ಅದರ ಹೊಟ್ಟೆಗೆ ಏನೂ ಹೋಗಬಾರದಂತೆ ಕಣೇ. ನೋಡ್ಕೋ.” ಬೆಕ್ಕು ಹೊರಗೆ ಹೋಗದಿರಲಿ ಅಂತ ತಾನೇ ಕಿಟಕಿ ಮುಚ್ಚಿ ಚಿಲಕ ಹಾಕಿದ.

ಬೆಳಿಗ್ಗೆ ಅವನು ಮುಚ್ಚಳದ ಬುಟ್ಟಿ ಕೇಳಿ ತರಲು ಹೋದಾಗ ಬೆಕ್ಕು ನನ್ನ ಕಾಲು ಸುತ್ತತೊಡಗಿತು. ತಿರುಗಾಟ ಮುಗಿಸಿ ಹಿಂದಿನ ದಿನವಷ್ಟೇ ಬಂದಿತ್ತು, ಮೈಯಲ್ಲಿ ಏನೂ ಇರಲಿಲ್ಲ. ಇಷ್ಟು ಹಾಲಿನಿಂದ ಏನಾಗುತ್ತೆ ಅನ್ನಿಸಿತು. ಕಾಫಿಗೆ ಇಟ್ಟಿದ್ದರಲ್ಲಿ ಸ್ವಲ್ಪ ತಟ್ಟೆಗೆ ಹಾಕಿದೆ. ಕುಡಿದಾದ ಮೇಲೆ ತಟ್ಟೆ ತೊಳೆದು ಬೋರಲು ಹಾಕಿದೆ.

“ಏನಾದ್ರೂ ತಿಂದಿದೆಯಾ?” ಬುಟ್ಟಿ ಹಿಡಿದು ಇಬ್ಬರೂ ರಾಜಾಜಿನಗರಕ್ಕೆ ಹೋದಾಗ ಡಾಕ್ಟರು ಕೇಳಿದರು.

“ಏನೂ ಇಲ್ಲ ಸಾರ್. ನನ್ ತಂಗಿ ನೋಡ್ಕೊಂಡಿದಾಳೆ” ಅಂದ ಅಣ್ಣ.

ಹೇಳಿದರೆ ವಾಪಸ್ ಕಳಿಸುತ್ತಾರೆ, ವಾರ ಮುಗಿಯುತ್ತಾ ಬಂದಿದೆ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ನಂಬಿಕೆಯಿಂದ ಹೇಳಿದವನ ಮುಂದೆ ಬಾಯಿ ಬರಲಿಲ್ಲ. ಸೆರಗಿನ ತುದಿ ಸುತ್ತುತ್ತ ನಿಂತೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. “ಮತ್ತಿನಲ್ಲಿ ವಾಂತಿ ಆಯ್ತು, ಅದು ಉಸಿರಿಗೆ ಸಿಕ್ಕಿಕೊಳ್ತು. ಉಳಿಸೋಕೆ ಆಗ್ಲಿಲ್ಲ. ಹೊಟ್ಟೇಲಿ ಹಾಲಿತ್ತಲ್ಲಪ್ಪ.”

ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. “ಕಿಟಕಿ ಸಾರ್” ಅಂದ. “ಚಿಲಕ ಸಡಿಲ ಇತ್ತು. ರಾತ್ರಿ ತಳ್ಕೊಂಡು ಹೋಗಿ ಎಲ್ಲೋ ಕುಡಿದು ಬಂದಿದೆ. ನಂದೇ ತಪ್ಪು.”

ಬಸ್ಸಿನಲ್ಲಿ ಬುಟ್ಟಿ ಅವನ ತೊಡೆಯ ಮೇಲಿತ್ತು. ಹೇಳಿಬಿಡೋಣ ಅಂತ “ಅಣ್ಣಾ” ಅಂದೆ.

“ನೀನ್ ಅಳ್ಬೇಡ ಕಣೇ” ಅಂದ.

ಮುಂದಿನ ಭಾನುವಾರ ವರ್ಕ್‌ಶಾಪಿನಲ್ಲಿ ತಾನೇ ಗಟ್ಟಿ ಚಿಲಕವೊಂದನ್ನು ಮಾಡಿ ತಂದು ಕಿಟಕಿಗೆ ಜಡಿದ. ತಡೆಯುವುದಕ್ಕೆ ಒಳಗೆ ಬೆಕ್ಕಿರಲಿಲ್ಲ. ಆಮೇಲೆ ಅವನು ಯಾವ ಪ್ರಾಣಿಯನ್ನೂ ಸಾಕಲಿಲ್ಲ.

ಈಗಲೂ ನನ್ನ ಮನೆಗೆ ಬಂದರೆ ಕೂರುವ ಮುಂಚೆ ಒಂದೊಂದೇ ಕಿಟಕಿಯ ಚಿಲಕ ಎಳೆದು ನೋಡುತ್ತಾನೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. “ಕೂತ್ಕೋ ಅಣ್ಣ, ಕಾಫಿ ತರ್ತೀನಿ” ಅನ್ನುತ್ತೇನೆ. ಅಷ್ಟೇ ಬಾಯಿಗೆ ಬರುತ್ತದೆ.