ಕೇಳಿದ್ದು ಕೊಡಿ

ಮೇದೋಜೀರಕದಲ್ಲಿ ಹುಟ್ಟಿದ ಕ್ಯಾನ್ಸರ್ ಪಕ್ಕದ ದುಗ್ಧರಸ ಗ್ರಂಥಿಗಳಿಗೂ ಹತ್ತಿತೆಂದರೆ ಬದುಕುವ ಕಾಲ ತೀರ ಕಡಿಮೆ. ಕಣ್ಣು ಹಳದಿಯಾಗುತ್ತದಲ್ಲ, ನಾವು ಅದನ್ನೂ ಕಾಮಾಲೆ ಎಂದು ಕರೆದು ಪಥ್ಯ ಹಿಡಿಸುತ್ತೇವೆ. ಪಥ್ಯಕ್ಕೆ ಬಗ್ಗುವ ಕಾಯಿಲೆಯಲ್ಲ ಅದು.

ನಂದಗುಡಿ ಪಕ್ಕದ ಹಳ್ಳಿಯ ಪಿಳ್ಳಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ. ಸುತ್ತಿನ ಮದುವೆಗಳಿಗೆಲ್ಲ ಅಡುಗೆ ಮಾಡಿದ ಹೆಂಗಸು ಆಕೆ. ಹಿತಕಿದ ಅವರೆಬೇಳೆ ಸಾರೆಂದರೆ ಅವಳದ್ದೇ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ರೇಷನ್ನಿನ ಮುಗ್ಗಲು ಅಕ್ಕಿಗೆ ಮುಖ ಸಿಂಡರಿಸಿದವರಿಗೆ, “ಅನ್ನ ಮುಗ್ಗಿದ್ರೆ ಏನ್ಲಾ, ಸಾರು ನಂದಲ್ವಾ? ಮುಚ್ಕೊಂಡು ಉಣ್ಣು” ಎಂದು ಗದರಿಸಿ ಬಡಿಸಿದವಳು. ಗಂಡ ಸತ್ತ ಮೇಲೆ ಮಗ ಕೊಂಡಪ್ಪನನ್ನು ಸಾಕಿದ್ದೂ ಆ ಸೌಟೇ.

ಯುದ್ಧ ಮುಗಿದ ಮರುವರ್ಷ ದೀಪಾವಳಿ ಹೊತ್ತಿಗೆ ಅವಳ ಕಣ್ಣು ಹಳದಿಗಟ್ಟಿತು. ಮೈಯೆಲ್ಲ ನವೆ. ಸೊಪ್ಪಿನ ರಸ ಕುಡಿದಳು, ಉಪ್ಪು ಎಣ್ಣೆ ಬಿಟ್ಟಳು. ಇಳಿಯಲಿಲ್ಲ. ಕೊಂಡಪ್ಪ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ. ಹೊಟ್ಟೆ ಕುಯ್ದು ನೋಡಿದ ಡಾಕ್ಟರು ಅವನೊಬ್ಬನನ್ನೇ ಕರೆದು ಹೇಳಿದರು:

“ಒಳಗೆ ಕ್ಯಾನ್ಸರ್ ಇದೆಯಪ್ಪ. ಸುತ್ತಲ ಗಂಟುಗಳಿಗೂ ಹತ್ತಿಬಿಟ್ಟಿದೆ. ಹತ್ತದೆ ಇದ್ದಿದ್ರೆ ಒಂದು ಕೈ ನೋಡಬಹುದಿತ್ತು. ಹಾಗೇ ಹೊಲಿದಿದ್ದೀವಿ. ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ.”

ಕೇಳಿದ್ದು ಕೊಡಿ! ಈ ಮಾತಿನ ಅರ್ಥ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೊಂಡಪ್ಪ ಊರಿಗೆ ಬಂದವನೇ ಹೆಂಡತಿ ಭಾಗ್ಯಮ್ಮನನ್ನು ಕೊಟ್ಟಿಗೆಗೆ ಕರೆದು ಎಲ್ಲ ಹೇಳಿದ. “ಪಥ್ಯ ಮಾತ್ರ ಬಿಡಿಸಬ್ಯಾಡ ಕಣೇ. ಕೇಳಿದ್ದು ಕೊಟ್ರೆ ಅವ್ವಂಗೆ ತಿಳಿದೋಗ್ತದೆ.”

“ಸಾಯೋರಿಗೆ ಉಪ್ಪಿಗೂ ಕಾವಲಾ?”

“ಬಾಯ್ಮುಚ್ಚು.”

ಪಿಳ್ಳಮ್ಮ ಮಗನನ್ನೇ ಕೇಳಿದಳು. “ಏನಂದ್ರಲಾ ಡಾಕ್ಟ್ರು?”

“ಕಾಮಾಲೆ ಗಂಟಂತೆ ಕಣವ್ವ. ಪಥ್ಯ ಮಾಡಿದ್ರೆ ಕರಗ್ತದಂತೆ.”

ನಂಬಿದಳು. ಹೆತ್ತ ಮಗನನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು?

ಅವರೆ ಕಾಲ ಬಂತು. ಮನೆ ತುಂಬ ಸೊಗಡು. ಪಿಳ್ಳಮ್ಮ ಸಪ್ಪೆ ಗಂಜಿ ಹಿಡಿದು ಕೂತು, “ಈ ಸಲ ಹೋಗ್ಲಿ ಬಿಡು, ಮುಂದ್ಲ ಸುಗ್ಗಿಗೆ ಎರಡರಷ್ಟು ತಿಂತೀನಿ” ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ಭಾಗ್ಯಮ್ಮ ಬಟ್ಟಲು ತುಂಬ ಸಾರು ತಂದಿಟ್ಟಳು.

“ಉಣ್ಣತ್ತೆ. ಏನೂ ಆಗಲ್ಲ.”

“ಪಥ್ಯ ಕೆಡಿಸಿ ನನ್ನ ಸಾಯಿಸ್ಬೇಕು ಅಂತ ಮಾಡಿದೀಯೇನೇ, ಮನೆಹಾಳಿ?”

ಭಾಗ್ಯಮ್ಮ ನಿಜ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಕೊಂಡಪ್ಪ ಕಣ್ಣು ಕೆಕ್ಕರಿಸಿ ನಿಂತಿದ್ದ. ಬಟ್ಟಲು ಒಳಗೆ ಹೋಯಿತು. ಹೋಗುವುದನ್ನೇ ನೋಡುತ್ತ ಪಿಳ್ಳಮ್ಮ ಉಗುಳು ನುಂಗಿಕೊಂಡಳು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಸತ್ತಳು, ಅದೇ ಗಂಜಿಯ ಮೇಲೆ. ಹಾಲುತುಪ್ಪದ ದಿನ ಕೊಂಡಪ್ಪ ಸಮಾಧಿಯ ಮುಂದೆ ಎಲೆ ಹಾಸಿ ಅವರೆಬೇಳೆ ಸಾರು ಸುರಿದು, “ನಮ್ಮವ್ವಂಗೆ ಇದಂದ್ರೆ ಪ್ರಾಣ” ಎಂದು ಗೊಳೋ ಅಂದ. ನೆಂಟರು ಕಣ್ಣೊರೆಸಿಕೊಂಡರು. ಕಾಗೆ ಉಂಡಿತು.

ಊರು ಇವನನ್ನು ಒಳ್ಳೇ ಮಗ ಅನ್ನುತ್ತದೆ. ನೀವೂ ಅನ್ನುತ್ತೀರಿ, ನೀವೂ ಇದನ್ನೇ ಮಾಡಿದ್ದೀರಲ್ಲ. ಕರುಣೆಯಂತೆ! ತಾಯಿಯ ಅಳು ನೋಡಲಾರದ ಹೇಡಿತನಕ್ಕೆ ಎಂಥ ಹೆಸರು! ನಿಮ್ಮ ಜಗಲಿಯ ಮೇಲೆ ಇವತ್ತು ಇಂಥವರೊಬ್ಬರು ಮಲಗಿದ್ದರೆ ಈ ಪತ್ರಿಕೆ ಮಡಿಚಿಡಿ. ಎದ್ದು ಹೋಗಿ, ಡಾಕ್ಟರು ನಿಮಗೆ ಹೇಳಿದ್ದನ್ನು ಅವರಿಗೆ ಹೇಳಿ.