ಮೂರನೇ ಮಹಡಿ ಅಕ್ಕನಿಗೊಂದು ಕುರ್ಚಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ ಆಗಲೇ ಫಿನಾಯಿಲ್ ವಾಸನೆ. ನೀಲಿ ಕೋಟಿನ ತೋಳು ಮಡಚಿಕೊಂಡ ಹೆಂಗಸೊಬ್ಬರು ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ನೆಲ ಒರೆಸುತ್ತಿದ್ದಾರೆ. ಪಾಠ ಮಾಡುವವರು ಬರುವಷ್ಟರಲ್ಲಿ ನೆಲ ಒಣಗಿರಬೇಕು, ಒರೆಸಿದವರು ಕಣ್ಣಿಗೆ ಬೀಳಬಾರದು. ಎಲ್ಲರೂ ಇವರನ್ನು ಕರೆಯುವುದು ‘ಮೂರನೇ ಮಹಡಿ ಅಕ್ಕ’ ಎಂದೇ. ಎರಡನೇ ಮಹಡಿ ಇವರ ನಾದಿನಿಯದು. “ಮನೇಲಿ ಅವಳು ನನ್ನ ತಲೆ ಮೇಲೆ ಕೂತಿರ್ತಾಳೆ, ಇಲ್ಲಿ ನಾನು ಅವಳ ತಲೆ ಮೇಲೆ” ಎಂದು ನಗುತ್ತಾರೆ.

ನಿಮಗೆ ಕೆಲಸ ಕೊಟ್ಟವರು ಯಾರು ಎಂದು ಕೇಳಿದರೆ ಆ ನಗು ನಿಲ್ಲುತ್ತದೆ. ಕೋಟಿನ ಬೆನ್ನಿಗೆ ಗುತ್ತಿಗೆ ಕಂಪನಿಯ ಹೆಸರು, ಕೊರಳಿನ ಗುರುತಿನ ಚೀಟಿಗೆ ವಿಶ್ವವಿದ್ಯಾಲಯದ ಮುದ್ರೆ. “ಜ್ವರ ಬಂದಾಗ ರಜೆ ಕೇಳಕ್ಕೆ ಆಫೀಸಿಗೆ ಹೋದೆ. ಕಂಪನಿಯವರನ್ನ ಕೇಳಮ್ಮ ಅಂದ್ರು. ಕಂಪನಿಯವರು, ಯೂನಿವರ್ಸಿಟಿ ಒಪ್ಪಲ್ಲ ಅಂದ್ರು. ಅಷ್ಟೊತ್ತಿಗೆ ಜ್ವರಾನೇ ಬೇಸತ್ತು ಹೋಯ್ತು.”

ವರ್ಷಗಟ್ಟಲೆ ನಿಂತೂ ಬಗ್ಗಿಯೂ ಮಂಡಿ ಸವೆದಿದೆ. ಕಟ್ಟಡದ ತುಂಬ ಕುರ್ಚಿಗಳು. ಆದರೆ ಗುತ್ತಿಗೆ ಕೆಲಸದವರು ಕೂತದ್ದು ಕಂಡರೆ ಕಂಪನಿಯ ಸೂಪರ್‌ವೈಸರ್ ನಾಳೆಯಿಂದ ಬರಬೇಡ ಅನ್ನುತ್ತಾನೆ. ಹಾಗೆ ಮನೆ ಸೇರಿದವರನ್ನು ಅಕ್ಕ ಕಂಡಿದ್ದಾರೆ. ಬುತ್ತಿ ಬಿಚ್ಚುವುದು ಶೌಚಾಲಯದ ಪಕ್ಕ, ಪೊರಕೆ ಬಕೆಟ್ಟು ಇಡುವ ಗೂಡಿನಲ್ಲಿ, ನಿಂತುಕೊಂಡೇ. ಅದೇ ಮಹಡಿಯಲ್ಲಿ ಕಾರ್ಮಿಕರ ಹಕ್ಕುಗಳ ಬಗ್ಗೆ ಪಾಠ ನಡೆಯುತ್ತದೆ. ನೆನೆದರೆ ಮೈ ಉರಿಯುತ್ತದೆ.

ಆ ಪಾಠ ಮಾಡುವ ಮೇಡಂಗೆ ಕೊನೆಗೂ ಇದು ಚುಚ್ಚಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆಡಳಿತದವರ ಬೆನ್ನು ಬಿದ್ದರು. ಕೂರಲು ಕೋಣೆ, ಸಂಬಳ ಕಡಿತವಿಲ್ಲದ ರಜೆ ಎರಡನ್ನೂ ಹೊಸ ಗುತ್ತಿಗೆಯಲ್ಲಿ ಸೇರಿಸಿಯೇ ಬಿಟ್ಟರು. ಮಹಡಿಯ ತುದಿಯ ಖಾಲಿ ಕೋಣೆಗೆ ಮೇಜು, ಕುರ್ಚಿ, ಫ್ಯಾನು ಬಂದವು. ಇಷ್ಟೆಲ್ಲ ಮಾಡಿದವರು, ಅದು ಯಾರಿಗೆಂದು ಅಕ್ಕನಿಗೆ ಹೇಳುವುದನ್ನೇ ಮರೆತರು! ಅಕ್ಕ ದಿನಾ ಆ ಕೋಣೆಯನ್ನೂ ಒರೆಸಿ, ಕುರ್ಚಿಗಳ ಧೂಳು ಹೊಡೆದು, ಬಾಗಿಲು ಎಳೆದುಕೊಂಡು, ತಮ್ಮ ಗೂಡಿಗೆ ಹೋಗಿ ನಿಂತು ಉಣ್ಣುತ್ತಿದ್ದರು. “ಯಾರೋ ದೊಡ್ಡವರು ಬರ್ತಾರೆ ಅಂದ್ಕೊಂಡೆ. ಇನ್ನೊಂದು ಕೋಣೆ ಗಂಟುಬಿತ್ತಲ್ಲಪ್ಪಾ ಅಂತ ಬೈಕೊಂಡೆ ಕೂಡ.”

ಒಂದು ಮಧ್ಯಾಹ್ನ ಮೇಡಂ ಇಣುಕಿ, “ಯಾಕಮ್ಮ, ನೀವ್ಯಾರೂ ಇಲ್ಲಿ ಕೂರೋದೇ ಇಲ್ವಾ?” ಎಂದಾಗ ವಿಷಯ ಗೊತ್ತಾಯಿತು. ಅಕ್ಕನ ಗೊಂದಲ ಇನ್ನೂ ಹೆಚ್ಚಿತು. ಕೂರಿ ಅನ್ನುವವರು ಮೇಡಂ, ಕೆಲಸದಿಂದ ತೆಗೆಯುವವನು ಸೂಪರ್‌ವೈಸರ್. ಗುತ್ತಿಗೆ ಹೊಸದಾದರೂ ಅವನ ಗಂಟಲು ಹಳೆಯದೇ. “ಯಾರ ಮಾತು ನಡೆಯುತ್ತೋ ನಂಗೆ ತಿಳೀತಿಲ್ಲ ಮೇಡಂ. ಈ ಕೆಲಸ ಹೋದ್ರೆ ಮನೇಲಿ ಒಲೆ ಉರಿಯಲ್ಲ” ಅಂದರು.

ಇಂದು ಊಟದ ಹೊತ್ತಿಗೆ ನಾದಿನಿ ಕೈಹಿಡಿದು ಎಳೆದು ತರುತ್ತಾಳೆ. “ಬಾ ಅತ್ತಿಗೆ, ಕುರ್ಚಿ ಏನು ಕಚ್ಚುತ್ತಾ?” ಅಕ್ಕ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ, ಬಸ್ಸಿಗೆ ಕಾಯುವವರ ಹಾಗೆ. ಎರಡು ತುತ್ತು ಒಳಗಿಳಿಯುವಷ್ಟರಲ್ಲಿ ಬಾಗಿಲಲ್ಲಿ ಸೂಪರ್‌ವೈಸರ್. ಅಕ್ಕ ಅರ್ಧ ಎದ್ದವರು ಮತ್ತೆ ಕೂತುಬಿಡುತ್ತಾರೆ. ಮಂಡಿ ಕೇಳಲಿಲ್ಲವೋ, ಮನಸ್ಸು ಕೇಳಲಿಲ್ಲವೋ, ಅವರಿಗೂ ಗೊತ್ತಿಲ್ಲ.

“ಏನಮ್ಮ, ಕೆಲಸ ಮುಗೀತಾ?”

“ಊಟ ಮುಗಿದಿಲ್ಲ ಸರ್.”

ಅವನು ಫ್ಯಾನನ್ನು ನೋಡುತ್ತಾನೆ, ಕುರ್ಚಿಗಳನ್ನು ನೋಡುತ್ತಾನೆ, ತಿರುಗಿ ಹೊರಟುಹೋಗುತ್ತಾನೆ. ಅದು ಒಪ್ಪಿಗೆಯೋ, ನಾಳೆಗೆ ಎತ್ತಿಟ್ಟ ಸಿಟ್ಟೋ, ಇಬ್ಬರಿಗೂ ಅರ್ಥವಾಗುವುದಿಲ್ಲ. ಅಕ್ಕ ಉಳಿದ ಅನ್ನವನ್ನೂ ಕೂತೇ ಉಣ್ಣುತ್ತಾರೆ.

“ನಾಳೆದು ನಂಗೊತ್ತಿಲ್ಲ” ಎನ್ನುತ್ತ ಬುತ್ತಿಯ ಮುಚ್ಚಳ ಹಾಕುತ್ತಾರೆ. “ಇವತ್ತು ಮಾತ್ರ ಕೂತು ಉಂಡೆ ನೋಡು.”