ಒಪ್ಪಿಗೆ ಸಾಕ್ಷಿ

ನೋಂದಣಿ ಕಚೇರಿಯ ಎದುರಿನ ಕಟ್ಟಡದಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಗೂಡಿನಂಥ ಒಂದು ಕೋಣೆ. ಇಪ್ಪತ್ತಾರು ವರ್ಷದಿಂದ ಆಕೆ ಅಲ್ಲೇ ಕೂತು ಮನೆ ಪತ್ರಗಳನ್ನು ಬರೆದುಕೊಡುತ್ತಿದ್ದಾಳೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಕುರ್ಚಿ ಮಾತ್ರ ಅದೇ. ಎತ್ತರದ ಗಿರಾಕಿಗಳು ತಲೆ ತಗ್ಗಿಸಿಯೇ ಒಳಗೆ ಬರಬೇಕು, ಇಲ್ಲದಿದ್ದರೆ ಮೆಟ್ಟಿಲು ಹಣೆಗೆ ಬಡಿಯುತ್ತದೆ. "ಬಗ್ಗಿ ಬನ್ನಿ ಸ್ವಾಮಿ, ಸರ್ಕಾರಿ ಕೆಲಸಕ್ಕೆ ಬಂದಿದ್ದೀರಿ, ಈಗಿಂದಲೇ ಅಭ್ಯಾಸ ಆಗಲಿ" ಅನ್ನುತ್ತಾಳೆ.

ಬೀದಿಗೆಲ್ಲ ಆಕೆ 'ಅರ್ಥಾಯ್ತಾ ಅಕ್ಕ'. ಏಕೆಂದರೆ ಆಕೆಯ ಹತ್ತಿರ ಸುಮ್ಮನೆ ಸಹಿ ಹಾಕಿ ಎದ್ದು ಹೋಗುವಂತಿಲ್ಲ. "ಕರಾರು ಪತ್ರ ಆಯ್ತು ಅಂದ್ರೆ ಮನೆ ನಿಮ್ಮದಾಯ್ತು ಅಂತಲ್ಲ. ನಿಮಗೇ ಮಾರ್ತೀನಿ ಅಂತ ಆತ ಕೊಟ್ಟ ಮಾತು, ಅಷ್ಟೆ. ಕ್ರಯಪತ್ರ ನೋಂದಣಿ ಆದ್ಮೇಲೇ ಮನೆ ನಿಮ್ಮದು. ಅರ್ಥ ಆಯ್ತಾ?" ಆಯ್ತು ಅಂದರೆ ಸಾಲದು, ತಿರುಗಿ ಹೇಳಬೇಕು. ಒಮ್ಮೆ ಒಬ್ಬ ಬಸ್ ಕಂಡಕ್ಟರ್‌ಗೆ ಚಕ್ಕುಬಂದಿ ಅಂದರೆ ಏನು ಅಂತ ಹೇಳಿಕೊಟ್ಟಳು. "ನಿಮ್ಮ ಮನೆಯ ನಾಲ್ಕು ದಿಕ್ಕಿಗೂ ಏನೇನಿದೆ ಅಂತ ಬರೆಯೋದು. ಹೋಗಿ, ನಿಂತು ನೋಡ್ಕೊಂಡು ಬನ್ನಿ." ಗೊಣಗುತ್ತಾ ಹೋದವನು ಓಡೋಡಿ ಬಂದ. ಪುಣ್ಯಾತ್ಮ ಪಕ್ಕದ ಮನೆಯವರ ಬಚ್ಚಲನ್ನೂ ಸೇರಿಸಿ ಕೊಂಡುಕೊಳ್ಳುವುದರಲ್ಲಿದ್ದ! ವಕೀಲರಿಗೆ ಆಕೆಯನ್ನು ಕಂಡರೆ ತಲೆನೋವು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಅಂತ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ ಬಿಡಿ. ಆಕೆ ಬರೆದ ಪತ್ರದ ಮೇಲೆ ಇಂದಿನವರೆಗೆ ಒಂದು ತಕರಾರೂ ಬಂದಿಲ್ಲ.

ಇಂಥವಳ ಮುಂದೆಯೇ ಒಂದು ಮಧ್ಯಾಹ್ನ ಆಕೆಯ ಸ್ವಂತ ಅಣ್ಣ ಕಡತ ಹಿಡಿದುಕೊಂಡು ಬಂದು ಕೂತ.

ಈ ಅಣ್ಣನ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಕೆಗಿಂತ ಹನ್ನೊಂದು ವರ್ಷ ದೊಡ್ಡವನು. ತಾಯಿ ಹೋದಾಗ ಆಕೆಗೆ ನಾಲ್ಕು ವರ್ಷ. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ತಂಗಿಯ ಜಡೆ ಹೆಣೆದವನು ಅಣ್ಣ, ಜ್ವರ ಬಂದರೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಅಣ್ಣ. ಹದಿನೈದಕ್ಕೇ ಶಾಲೆ ಬಿಟ್ಟು ಟೈರ್ ಅಂಗಡಿ ಸೇರಿ, ಅವಳನ್ನು ಟೈಪಿಂಗ್ ಕಲಿಯಲು ಕಳಿಸಿದವನೂ ಅವನೇ. ಅವನು ಹೆಣೆದ ಜಡೆ ಯಾವಾಗಲೂ ಎಡಕ್ಕೆ ವಾಲುತ್ತಿತ್ತು, ಶಾಲೆಯ ಹುಡುಗಿಯರು ನಗುತ್ತಿದ್ದರು. ಆಕೆ ಒಂದು ದಿನವೂ ಬಿಚ್ಚಿ ಹೆಣೆದುಕೊಳ್ಳಲಿಲ್ಲ.

ಅಪ್ಪ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ಅಣ್ಣನ ಸಂಸಾರ ಇತ್ತು. ಆಕೆ ಮದುವೆಯಾಗಲಿಲ್ಲ, ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಹೋಗುತ್ತಾ ಒಂಬತ್ತು ಕೋಣೆ ಮುಗಿಸಿದ್ದಳು. ಉಯಿಲು ಬರೆಯದೆ ಅಪ್ಪ ಕಣ್ಣು ಮುಚ್ಚಿ ಆರು ವರ್ಷವಾದರೂ ಪಾಲಿನ ಮಾತು ಇಬ್ಬರೂ ಎತ್ತಿರಲಿಲ್ಲ.

"ಮನೆ ಮಾರ್ತಿದ್ದೀನಿ ಕಣೇ," ಅಂದ ಅಣ್ಣ. "ಮಗನ ಸಂಸಾರವೂ ಸೇರಿ ಜಾಗ ಸಾಲ್ತಿಲ್ಲ. ದೊಡ್ಡದೊಂದು ನೋಡಿದ್ದೀನಿ. ನೀನೊಂದು ಸಾಕ್ಷಿ ಸೈನ್ ಹಾಕ್ಬಿಡು."

"ಪತ್ರ ಯಾರು ಬರೆದ್ರು?"

"ದಲ್ಲಾಳಿ ಕಡೆಯವರು. ನಿನಗ್ಯಾಕೆ ಸುಮ್ನೆ ತೊಂದರೆ ಅಂತ…"

ಒಡಹುಟ್ಟಿದವಳು ಇದೇ ಕೆಲಸ ಮಾಡಿಕೊಂಡು ಕೂತಿರುವಾಗ ಪಕ್ಕದ ಬೀದಿಯಲ್ಲಿ ಬರೆಸುತ್ತಾರೆಯೇ? ಕನ್ನಡಕ ಏರಿಸಿ ಓದತೊಡಗಿದಳು. ಅಣ್ಣ ಫ್ಯಾನ್ ನೋಡಿದ, ಗೋಡೆ ನೋಡಿದ, ಗಡಿಯಾರ ನೋಡಿದ. ಕೊನೆಯ ಪುಟದಲ್ಲಿ ಸಾಕ್ಷಿಗಳ ಹೆಸರು ಎರಡು. ಅವುಗಳ ಮೇಲೆ, ಬೇರೆಯಾಗಿ, ಆಕೆಯ ಹೆಸರು. ಹೆಸರಿನ ಕೆಳಗೆ 'ಒಪ್ಪಿಗೆ ಸಾಕ್ಷಿ' ಅಂತ ಅಚ್ಚಾಗಿತ್ತು.

"ಅಣ್ಣ, ಇದಕ್ಕೆ ಅರ್ಥ ಏನು?"

"ಅಯ್ಯೋ, ಸಾಕ್ಷಿ ಅಂದ್ರೆ ಸಾಕ್ಷಿ ಕಣೇ. ಇದಕ್ಕೂ ಪಾಠ ಮಾಡ್ಬೇಡ."

ಆಕೆ ಪಾಠ ಮಾಡಿದಳು. ಬೇರೆ ಯಾರಿಗೋ ಹೇಳುವಷ್ಟೇ ನಿಧಾನವಾಗಿ ಹೇಳಿದಳು. "ಬರೀ ಸಾಕ್ಷಿ ಅಂದ್ರೆ, ಇವರು ಸಹಿ ಹಾಕಿದ್ದು ನಾನು ನೋಡಿದ್ದೀನಿ ಅಂತ. ಸಾಕ್ಷಿ ಹಾಕಿದವನಿಗೇನೂ ನಷ್ಟ ಇಲ್ಲ. ಒಪ್ಪಿಗೆ ಸಾಕ್ಷಿ ಅಂದ್ರೆ, ಈ ಮನೇಲಿ ನನಗೆ ಏನೂ ಹಕ್ಕಿಲ್ಲ, ಮಾರೋದಕ್ಕೆ ನನ್ನದೇನೂ ಅಡ್ಡಿ ಇಲ್ಲ ಅಂತ. ಇಲ್ಲಿ ಸೈನ್ ಹಾಕಿದ್ರೆ ಅಪ್ಪನ ಮನೇಲಿ ನನ್ನ ಅರ್ಧ ಹೋಯ್ತು. ನಿನಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ನಂಬುತ್ತಿದ್ದಳು. ದೇವರಾಣೆ ನಂಬುತ್ತಿದ್ದಳು. ದಲ್ಲಾಳಿಯ ಮೇಲೆ ಹಾಕಿ, ಅವನಿಗೆ ನಾಲ್ಕು ಮಾತು ಬೈದು, ಅಣ್ಣನಿಗೆ ಚಹಾ ತರಿಸುತ್ತಿದ್ದಳು.

"ಗೊತ್ತಿತ್ತು," ಅಂದ ಅಣ್ಣ.

ಆಕೆ ಪತ್ರವನ್ನು ಅವನ ಕಡೆಗೆ ತಳ್ಳಿದಳು. "ಕದ್ದು ತಗೋಬೇಡ ಅಣ್ಣ. ಬಾಯಿ ಬಿಟ್ಟು ಕೇಳು."

ಕೇಳಿದರೆ ಕೊಡುವುದೆಂದು ಮನಸ್ಸು ಆಗಲೇ ಗಟ್ಟಿ ಮಾಡಿಯಾಗಿತ್ತು, ಇದನ್ನು ಆಮೇಲೆ ಆಕೆಯೇ ಹೇಳಿದ್ದಾಳೆ. ಹೊತ್ತುಕೊಂಡು ಓಡಿದ ಹೆಗಲಿಗೆ ಒಂದು ಕೋಣೆ ಯಾವ ಲೆಕ್ಕ? ಹಕ್ಕು ಬಿಡುಗಡೆ ಪತ್ರ ಅಂತ ಬೇರೆಯೇ ಇದೆ. 'ನನ್ನ ಪಾಲನ್ನು ನನ್ನ ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ' ಅಂತ ರಾಜಾರೋಷವಾಗಿ ಬರೆಯುವುದು. ಅದರ ಮೊದಲ ಸಾಲು ತಲೆಯಲ್ಲಿ ಸಿದ್ಧವಾಗಿತ್ತು.

ಅಣ್ಣ ಕೇಳಿದ. "ನಿನ್ನ ಪಾಲು ನನಗೆ ಬಿಟ್ಟುಕೊಡ್ತೀಯಾ?" ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಅವಳನ್ನು ಸಮಾಧಾನ ಮಾಡುವ ಹಾಗೆ, ಮೆತ್ತಗೆ, ಇನ್ನೊಂದು ಮಾತು ಸೇರಿಸಿದ. "ನಿನಗೇನು ಹೇಳು, ಒಂಟಿ ಜೀವ. ನಿನಗ್ಯಾಕೆ ಮನೆ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದೇ ಆಕೆಯನ್ನು ಹೆಚ್ಚು ಸುಟ್ಟಿತು. ಒಂಬತ್ತು ಕೋಣೆಗಳು, ಒಂಬತ್ತು ಸಲ ಕಟ್ಟಿದ ಅದೇ ಎರಡು ಪೆಟ್ಟಿಗೆ, ಮೊಳೆ ಹೊಡೆಯಬೇಡಿ ಅಂದ ಒಂಬತ್ತು ಮಾಲೀಕರು. ಊರಿಗೆಲ್ಲ ಮನೆ ಬರೆದುಕೊಟ್ಟವಳಿಗೆ ಮನೆ ಯಾಕೆ ಅಂತ ಸಾಕಿದ ಅಣ್ಣನೇ ಕೇಳುತ್ತಿದ್ದಾನೆ.

"ಕೊಡೋದಿಲ್ಲ," ಅಂದಳು. ತನ್ನ ದನಿ ಕೇಳಿ ತಾನೇ ಬೆಚ್ಚಿದಳು.

ಅಣ್ಣ ಜಗಳ ಆಡಲಿಲ್ಲ. ಕಡತ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ ಹೊರಗೆ ಹೋದ.

ಎರಡು ತಿಂಗಳ ಮೇಲೆ ಮನೆ ಮಾರಾಟವಾಯಿತು. ಮಾರುವವರು ಇಬ್ಬರು: ಒಂದನೆಯವನು ಅಣ್ಣ, ಎರಡನೆಯವಳು ತಂಗಿ. ಪತ್ರ ಆಕೆಯೇ ಬರೆದಳು. ಅಧಿಕಾರಿಯ ಮುಂದೆ ಅಕ್ಕಪಕ್ಕ ನಿಂತು ಹೆಬ್ಬೆಟ್ಟು ಒತ್ತಿದರು. ಅಣ್ಣ ಬೆರಳ ಮಸಿ ಒರೆಸಿಕೊಂಡು ಹೊರಟುಬಿಟ್ಟ. ಅವನ ದೊಡ್ಡ ಮನೆಯ ಆಸೆ ಕೈಗೂಡಲಿಲ್ಲ. ಮೂರು ಕೋಣೆಯ ಮನೆಗೆ ಹೋದರು. ಅತ್ತಿಗೆ ಫೋನ್ ತೆಗೆಯುವುದಿಲ್ಲ. ಅಣ್ಣ ತೆಗೆಯುತ್ತಾನೆ, ಒಂದು ಮಾತಾಡಿ ಇಟ್ಟುಬಿಡುತ್ತಾನೆ.

ತನ್ನ ಪಾಲಿನಲ್ಲಿ ಆಕೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಮನೆ ಕೊಂಡಳು. ನೋಂದಣಿಯ ಹಿಂದಿನ ದಿನ ಅಣ್ಣನಿಗೆ ಫೋನ್ ಮಾಡಿ, "ಬರೀ ಸಾಕ್ಷಿ ಅಣ್ಣ, ಬಂದು ಒಂದು ಸೈನ್ ಹಾಕ್ತೀಯಾ?" ಅಂತ ಕೇಳಿದಳು. "ಯಾರ ಕೈಲಾದ್ರೂ ಹಾಕಿಸ್ಕೋ" ಅಂದ ಅಣ್ಣ. ಪಕ್ಕದ ಜೆರಾಕ್ಸ್ ಅಂಗಡಿಯವನೂ ಅವನ ಹೆಂಡತಿಯೂ ಬಂದು ಹಾಕಿದರು.

ಆ ಜೆರಾಕ್ಸ್ ಅಂಗಡಿಯವನ ಹೆಂಡತಿಯೇ ಒಮ್ಮೆ ಕೇಳಿಯೂ ಬಿಟ್ಟಳು: "ಅಕ್ಕ, ಕೊಟ್ಟುಬಿಡಬೇಕಿತ್ತು ಅಂತ ಅನ್ಸಲ್ವಾ?"

ಆಕೆ ಕೀಲಿಮಣೆಯ ಮೇಲಿಂದ ಕೈ ತೆಗೆದಳು. "ಅಣ್ಣನ ನೆನಪಾದ್ರೆ ಅಳ್ತೀನಿ ಕಣೆ, ದಿನಾ ಅಳ್ತೀನಿ," ಅಂದಳು. "ನನ್ನ ಮನೇಲಿ ಕೂತು ಅಳ್ತೀನಿ."